ಓದಿದವನ ಮುಖ

ಧಾರವಾಡದಲ್ಲಿ ಗಿರೀಶ ಕಾರ್ನಾಡರ ಹೆಸರು ತೆಗೆದರೆ ಮಾತು ತಾನಾಗಿಯೇ ಸುಭಾಸ ರಸ್ತೆಯ ಅಟ್ಟವನ್ನು ಏರುತ್ತದೆ. ಪುಸ್ತಕ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಆ ಅಟ್ಟ, ಆ ಸಂಸ್ಥೆಯನ್ನು 1933ರಿಂದ ಬೆಳೆಸಿದ ಜಿ. ಬಿ. ಜೋಶಿಯವರು, ಗದುಗಿನಲ್ಲಿ ಹುಟ್ಟಿ ಇಲ್ಲಿಯ ಹರಟೆಗೆ ಮೊನಚು ತಂದ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು, ಕಾರ್ನಾಡರ ನಾಟಕಗಳಾದ ‘ಯಯಾತಿ’, ‘ತುಘಲಕ್’, ‘ಹಯವದನ’ ಎಂದು ಸಾಲು ಬೆಳೆಯುತ್ತದೆ. ಕೊನೆಗೆ ಯಾರಾದರೊಬ್ಬರು, ‘ಸಿನಿಮಾ ಬಿಡ್ರಿ, ಅದು ಹೊಟ್ಟಿಪಾಡು’ ಎಂದು ಚರ್ಚೆಯನ್ನು ಮುಗಿಸುತ್ತಾರೆ. ನಾನೂ ಬಹಳ ವರ್ಷ ಹೀಗೆಯೇ ಹೇಳುತ್ತಿದ್ದೆ. ನಾಟಕ ಬರೆದು ಬದುಕಲು ಆಗುವುದಿಲ್ಲ, ಸಿನಿಮಾದ ದುಡ್ಡಿನಿಂದ ಬರೆಯಲು ಪುರಸೊತ್ತು ಸಿಗುತ್ತದೆ ಎಂಬುದನ್ನು ಕಾರ್ನಾಡರೇ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದುದರಿಂದ, ನಮಗೂ ಅದು ಅನುಕೂಲದ ಮಾತಾಗಿತ್ತು.

ಕಳೆದ ಚಳಿಗಾಲದಲ್ಲಿ ಲೈನ್ ಬಜಾರಿನ ಹತ್ತಿರ ನಾನು ನಿತ್ಯ ಹೋಗುವ ಚಹಾದಂಗಡಿಯಲ್ಲಿ ಕೆಲಸಕ್ಕಿರುವ ಹುಡುಗನೊಬ್ಬ, ನನ್ನ ಕೈಯಲ್ಲಿದ್ದ ಪುರವಣಿಯ ಚಿತ್ರವನ್ನು ನೋಡಿ, ‘ಇವರು ಟೈಗರ್ ಪಿಚ್ಚರ್‌ದಾಗಿನ ಅಜ್ಜಾರಲ್ಲೇನ್ರಿ’ ಎಂದು ಕೇಳಿದ. ಹೌದೆಂದೆ. ಪಕ್ಕದಲ್ಲಿ ಕೂತಿದ್ದ ನಡುವಯಸ್ಸಿನವರು, ‘ಮಾಲ್ಗುಡಿ ಡೇಸ್‌ನ ಸ್ವಾಮಿಯ ಅಪ್ಪ’ ಎಂದರು. ನನ್ನ ಮಟ್ಟಿಗೆ ಆ ಮುಖ ‘ಸಂಸ್ಕಾರ’ ಚಿತ್ರದ ಪ್ರಾಣೇಶಾಚಾರ್ಯರದು. ಮೂರು ತಲೆಮಾರಿಗೆ ಮೂರು ಗುರುತುಗಳಾದವು, ನಾಟಕಕಾರನನ್ನು ಮಾತ್ರ ಆ ಬೆಳಿಗ್ಗೆ ಯಾರೂ ನೆನೆಯಲಿಲ್ಲ. ಮನೆಗೆ ಬಂದ ಮೇಲೆ ಅವರು ನಟಿಸಿದ ಚಿತ್ರಗಳಲ್ಲಿ ಕೈಗೆ ಸಿಕ್ಕವನ್ನೆಲ್ಲ ಒಂದು ತಿಂಗಳ ಕಾಲ ಮತ್ತೆ ನೋಡಿದೆ. ಹಾಗೆ ನೋಡಿದಾಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಲವತ್ತೇಳು ವರ್ಷಗಳ ಅಂತರದಲ್ಲಿ, ನಾಲ್ಕಾರು ಭಾಷೆಗಳಲ್ಲಿ ಅವರು ಮಾಡಿದ ಒಳ್ಳೆಯ ಪಾತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಮನುಷ್ಯನವು. ಅವನು ಓದಿದವನು, ಸರಿ ಯಾವುದೆಂದು ಬಲ್ಲವನು, ಆದರೆ ಮಾಡಬೇಕಾದ ಗಳಿಗೆಯಲ್ಲಿ ಮಾಡಲಾರದೆ ನಿಲ್ಲುವವನು.

ಜೀವನದ ವಿವರಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಇಲ್ಲಿಯವರಿಗೆ ಅವು ಗೊತ್ತೇ ಇವೆ. ಕಾರ್ನಾಡರು 1938ರ ಮೇ 19ರಂದು ಮಾಥೇರಾನದಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ. ಬಾಲ್ಯ ಕಳೆದದ್ದು ಶಿರಸಿಯಲ್ಲಿ, ಅಲ್ಲಿಗೆ ಬರುತ್ತಿದ್ದ ಕಂಪನಿ ನಾಟಕಗಳನ್ನೂ ಯಕ್ಷಗಾನವನ್ನೂ ನೋಡುತ್ತ. ಹದಿನಾಲ್ಕರ ಸುಮಾರಿಗೆ ಧಾರವಾಡಕ್ಕೆ ಬಂದು ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿ, ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರದ ಪದವಿ ಪಡೆದರು. ಅಲ್ಲಿಂದ ಮುಂದೆ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗಿ, 1963ರಲ್ಲಿ ಮರಳಿ, ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ನೌಕರಿಗೆ ಸೇರಿದರು. ‘ಮದ್ರಾಸ್ ಪ್ಲೇಯರ್ಸ್’ ಎಂಬ ಹವ್ಯಾಸಿ ತಂಡದ ಒಡನಾಟ ಬೆಳೆದದ್ದು ಅಲ್ಲಿ. ಆ ನಂಟಿನಿಂದಲೇ ‘ಸಂಸ್ಕಾರ’ ಚಿತ್ರ ಹುಟ್ಟಿತು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ 1965ರಲ್ಲಿ ಇದೇ ಧಾರವಾಡದ ಅಟ್ಟದಿಂದ ಹೊರಬಂದ ಪುಸ್ತಕ. ಅದನ್ನು ಮದ್ರಾಸಿನಲ್ಲಿದ್ದ ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ ಚಿತ್ರ ಮಾಡಿದರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥರದು, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಚಿತ್ರಕಥೆಯನ್ನು ಬರೆದ ಕಾರ್ನಾಡರೇ ಪ್ರಾಣೇಶಾಚಾರ್ಯರ ಪಾತ್ರವನ್ನೂ ಮಾಡಿದರು. ಆಗ ಅವರಿಗೆ ಇನ್ನೂ ಮೂವತ್ತೆರಡು. ಸೆನ್ಸಾರ್ ಮಂಡಳಿ ಮೊದಲು ಚಿತ್ರವನ್ನು ತಡೆಹಿಡಿಯಿತು. ಆಮೇಲೆ ಬಿಡುಗಡೆಯಾದ ಅದೇ ಚಿತ್ರಕ್ಕೆ 1970ರ ಸಾಲಿನ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು, ಕನ್ನಡಕ್ಕೆ ಅದು ಮೊದಲನೆಯದು.

ನಾನು ಅದನ್ನು ನೋಡಿದ್ದು ಎಷ್ಟೋ ವರ್ಷ ತಡವಾಗಿ, ಕಾಲೇಜಿನ ಸಭಾಂಗಣವೊಂದರಲ್ಲಿ, ಗೋಡೆಗೆ ಬಿಳಿ ಧೋತರ ಕಟ್ಟಿ ತೋರಿಸಿದ ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ. ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಸತ್ತ ನಾರಣಪ್ಪ ಆಚಾರ ಬಿಟ್ಟವನು, ಅವನ ದಹನ ಮಾಡುವವರು ಯಾರೆಂಬುದು ಇತ್ಯರ್ಥವಾಗದೆ ಯಾರ ಮನೆಯಲ್ಲೂ ಒಲೆ ಹೊತ್ತುವಂತಿಲ್ಲ. ಎಲ್ಲರೂ ವೇದಾಂತಶಿರೋಮಣಿ ಪ್ರಾಣೇಶಾಚಾರ್ಯರ ಮುಖ ನೋಡುತ್ತ ಕೂತಿದ್ದಾರೆ. ಆಚಾರ್ಯರು ಗ್ರಂಥ ತೆಗೆಯುತ್ತಾರೆ, ಒಂದೊಂದೇ ಗರಿ ಮಗುಚುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ಪ್ರಸಾದಕ್ಕಾಗಿ ಕಾಯುತ್ತಾರೆ, ದೇವರೂ ಬಾಯಿ ಬಿಡುವುದಿಲ್ಲ. ಈ ಭಾಗದಲ್ಲಿ ಕಾರ್ನಾಡರು ಏನೂ ‘ಮಾಡುವುದಿಲ್ಲ’. ಹುಬ್ಬು ಗಂಟಿಕ್ಕುವುದಿಲ್ಲ, ನಿಟ್ಟುಸಿರು ಬಿಡುವುದಿಲ್ಲ, ಕೈ ಹಿಸುಕಿಕೊಳ್ಳುವುದಿಲ್ಲ. ತನ್ನ ಸುತ್ತ ನಡೆಯುವ ಜಗಳವನ್ನು ಅವರು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಕೇಳುತ್ತ ಕೇಳುತ್ತ, ಓದು ತನ್ನನ್ನು ಕೈಬಿಟ್ಟಿದೆ ಎಂಬ ತಿಳಿವಳಿಕೆ ಆ ಮುಖದ ಮೇಲೆ ಇಳಿಯುವುದು ಮಾತ್ರ ನಮಗೆ ಕಾಣುತ್ತದೆ. ಮೊದಲ ಸಲ ನೋಡಿದಾಗ ಇದನ್ನು ನಾನು ನಟನೆಯ ಕೊರತೆ ಎಂದುಕೊಂಡಿದ್ದೆ. ಹೊರಗೆ ಬಂದು ಗೆಳೆಯರ ಮುಂದೆ, ‘ಓದಿ ಹೇಳಿದ ಹಂಗಿತ್ತು’ ಎಂದು ದೊಡ್ಡ ವಿಮರ್ಶಕನಂತೆ ಆಡಿದ್ದೂ ನೆನಪಿದೆ.

ಆ ಅಭಿಪ್ರಾಯ ಬದಲಾದದ್ದು ಒಂದು ತಾಲೀಮಿನಲ್ಲಿ. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ನಾಟಕ ಮಾಡುವ ನಮ್ಮ ಹವ್ಯಾಸಿ ತಂಡ ‘ತುಘಲಕ್’ ಎತ್ತಿಕೊಂಡಾಗ, ನನಗೆ ಸಿಕ್ಕದ್ದು ಮೊದಲ ದೃಶ್ಯದ ಮುದುಕನ ಪಾತ್ರ. ನ್ಯಾಯಾಲಯದ ಎದುರಿನ ಗುಂಪಿನಲ್ಲಿ ನಿಂತು, ಸುಲ್ತಾನನ ಹೊಸ ರೀತಿನೀತಿಗಳಿಗೆ ಗೊಣಗುವ ನಾಲ್ಕಾರು ಮಾತು, ಉಳಿದಂತೆ ಬೇರೆಯವರ ಮಾತು ಕೇಳುತ್ತ ನಿಲ್ಲುವುದು. ಮಾತು ಒಪ್ಪಿಸುವುದು ಎರಡು ದಿನದಲ್ಲಿ ಬಂತು, ಕೇಳುತ್ತ ನಿಲ್ಲುವುದು ಎರಡು ತಿಂಗಳಾದರೂ ಬರಲಿಲ್ಲ. ಕೈ ಎಲ್ಲಿಡಬೇಕು, ಕಣ್ಣು ಎಲ್ಲಿಡಬೇಕು ಎಂದು ತಿಳಿಯದೆ ನಾನು ಗಡ್ಡ ನೀವಿಕೊಳ್ಳುತ್ತಿದ್ದೆ, ಕೆಮ್ಮುತ್ತಿದ್ದೆ. ನಿರ್ದೇಶಕರು ಒಂದು ಸಂಜೆ ಸಿಟ್ಟಿಗೆದ್ದು, ‘ನೀವು ಕೇಳಾಕತ್ತಿಲ್ಲ, ನಿಮ್ಮ ಸರದಿ ಕಾಯಾಕತ್ತೀರಿ’ ಎಂದರು. ಆ ರಾತ್ರಿ ಸೈಕಲ್ ತುಳಿಯುತ್ತ ಮನೆಗೆ ಬರುವಾಗ ಪ್ರಾಣೇಶಾಚಾರ್ಯರ ಮುಖ ಕಣ್ಣ ಮುಂದೆ ಬಂತು, ಮತ್ತು ಗೆಳೆಯರ ಮುಂದೆ ನಾನು ಆಡಿದ ಮಾತಿಗೆ ನಾಚಿಕೆಯಾಯಿತು.

ನಮ್ಮ ಭಾಗದ ಕಣ್ಣಿಗೆ ಈ ಬಗೆಯ ನಟನೆ ಒಗ್ಗದಿರಲು ಕಾರಣವೂ ಇದೆ. ನಾವು ದೊಡ್ಡಾಟ, ಸಣ್ಣಾಟ ನೋಡಿ ಬೆಳೆದವರು. ಗದುಗಿನ ಗರುಡ ಸದಾಶಿವರಾಯರಿಂದ ಏಣಗಿ ಬಾಳಪ್ಪನವರ ತನಕ ಕಂಪನಿ ನಾಟಕದ ದೊಡ್ಡ ನಟರ ಮಾತನ್ನು ಹಿರಿಯರ ಬಾಯಿಂದ ಕೇಳಿದವರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಟೆಂಟಿನ ಕಟ್ಟಕಡೆಯ ಸಾಲಿಗೂ ಮಾತು ಮುಟ್ಟಬೇಕು, ನಾಟ್ಯಗೀತೆಗೆ ‘ಒನ್ಸ್ ಮೋರ್’ ಬೀಳಬೇಕು, ನಟನು ನಿಂತರೂ ಕೂತರೂ ಎದುರಿನವರು ನೋಡುತ್ತಿದ್ದಾರೆಂಬ ಎಚ್ಚರ ಅವನ ಭುಜದಲ್ಲಿರಬೇಕು. ಬಾಳಪ್ಪನವರು ಬಸವೇಶ್ವರನ ಪಾತ್ರದಲ್ಲಿ ರಂಗಕ್ಕೆ ಬಂದರೆ ಜನ ಕೈಮುಗಿಯುತ್ತಿದ್ದರು ಎಂದು ನನ್ನ ತಂದೆಯವರು ಹೇಳುತ್ತಿದ್ದರು. ಅದು ಕೊಡುವ ನಟನೆ. ಕಾರ್ನಾಡರದು ಒಳಗೆಳೆದುಕೊಳ್ಳುವ ನಟನೆ, ಅದಕ್ಕೆ ಕ್ಯಾಮೆರಾ ಬೇಕು. ಅವರು ರಂಗಭೂಮಿಗೆ ಬರೆದು ತೆರೆಗೆ ನಟಿಸಿದ್ದರಲ್ಲಿ ದುಡ್ಡಿನ ಲೆಕ್ಕ ಒಂದೇ ಇರಲಿಲ್ಲ, ತನ್ನ ಮುಖಕ್ಕೆ ತಕ್ಕ ಜಾಗ ಯಾವುದೆಂಬ ಅರಿವೂ ಇತ್ತೆಂದು ನನಗೆ ಈಗ ಅನಿಸುತ್ತದೆ.

‘ನಿಶಾಂತ್’ 1975ರದು, ‘ಮಂಥನ್’ 1976ರದು, ಎರಡೂ ಶ್ಯಾಮ್ ಬೆನೆಗಲ್ಲರವು. ಜಬ್ಬಾರ್ ಪಟೇಲರ ಮರಾಠಿ ಚಿತ್ರ ‘ಉಂಬರಠಾ’ 1982ರದು. ಈ ಮೂರಕ್ಕೂ ಬರೆದವರು ವಿಜಯ್ ತೆಂಡೂಲ್ಕರ್ ಎಂಬುದನ್ನು ನಾನು ಗಮನಿಸಿದ್ದು ಈ ಸಲ ನೋಡುವಾಗಲೇ. ಒಬ್ಬ ನಾಟಕಕಾರ ಇನ್ನೊಬ್ಬ ನಾಟಕಕಾರನ ಮುಖಕ್ಕೆ ಮೂರು ಸಲ ಪಾತ್ರ ಬರೆದಂತಾಯಿತು, ಮತ್ತು ಮೂರೂ ಸಲ ಅದು ಓದಿದ, ಸಭ್ಯನಾದ, ಕೊನೆಗೆ ಸಾಲದೆ ಬರುವ ಗಂಡಸಿನ ಪಾತ್ರ. ‘ಉಂಬರಠಾ’ದ ವಕೀಲ ಗಂಡ ಕೆಟ್ಟವನಲ್ಲ. ಹೆಂಡತಿ ಮಹಿಳಾ ಆಶ್ರಮದ ಕೆಲಸಕ್ಕೆಂದು ಮನೆಯ ಹೊಸ್ತಿಲು ದಾಟಿ ಹೋದಾಗ ಅವನು ಅಬ್ಬರಿಸುವುದಿಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ತನ್ನ ಬದುಕಿಗೆ ಬೇರೆ ವ್ಯವಸ್ಥೆ ಮಾಡಿಕೊಂಡಿರುತ್ತಾನೆ, ಅದನ್ನೂ ಮೆತ್ತಗೆ ಹೇಳುತ್ತಾನೆ. ಸ್ಮಿತಾ ಪಾಟೀಲರ ಕಣ್ಣಿನೆದುರು ಆ ಮೆತ್ತಗಿನ ದನಿ ಎಷ್ಟು ಕ್ರೂರವಾಗಿ ಕೇಳುತ್ತದೆಂದರೆ, ಅಲ್ಲಿ ಯಾರಾದರೂ ಕೂಗಾಡಿದ್ದರೆ ಚೆನ್ನಾಗಿತ್ತೆನಿಸುತ್ತದೆ.

‘ನಿಶಾಂತ್’ ಚಿತ್ರವನ್ನು ನಾನು ನನ್ನ ಕಾಕಾನ ಜೊತೆ ಹುಬ್ಬಳ್ಳಿಯಲ್ಲಿ ನೋಡಿದೆ. ಕಾಕಾ ಕುಂದಗೋಳ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಚಿತ್ರದ ನಾಯಕನೂ ಶಾಲೆಯ ಮಾಸ್ತರ ಎಂದು ಕೇಳಿಯೇ ಅವರು ಬಂದದ್ದು. 1945ರ ತೆಲಂಗಾಣದ ಹಳ್ಳಿ. ಹೊಸದಾಗಿ ಬಂದ ಮಾಸ್ತರನ ಹೆಂಡತಿಯನ್ನು ಜಮೀನ್ದಾರನ ತಮ್ಮಂದಿರು ಎತ್ತಿಕೊಂಡು ಹೋಗುತ್ತಾರೆ. ಮಾಸ್ತರ ಪೊಲೀಸರ ಹತ್ತಿರ ಹೋಗುತ್ತಾನೆ, ಕಲೆಕ್ಟರರ ಹತ್ತಿರ ಹೋಗುತ್ತಾನೆ, ಪತ್ರಿಕೆಯವರ ಹತ್ತಿರ ಹೋಗುತ್ತಾನೆ. ಎಲ್ಲ ಕಡೆಯೂ ಅವನು ವಿನಯದಿಂದ ವಿಷಯ ತಿಳಿಸುತ್ತಾನೆ, ಎಲ್ಲ ಕಡೆಯೂ ಅವರು ಕೇಳಿಸಿಕೊಂಡು ಕಳಿಸುತ್ತಾರೆ. ಕಾಕಾ ಕುರ್ಚಿಯಲ್ಲಿ ಕೂತಲ್ಲೇ ಚಡಪಡಿಸತೊಡಗಿದರು. ಮಧ್ಯಂತರದಲ್ಲಿ ಶೇಂಗಾದ ಪೊಟ್ಟಣ ಕೈಯಲ್ಲಿ ಹಿಡಿದು, ‘ಹೊಡಿಲಿಲ್ಲ, ಬಡಿಲಿಲ್ಲ, ಬರೇ ಕಚೇರಿಯಿಂದ ಕಚೇರಿಗೆ ಅಡ್ಡಾಡ್ತಾನಲ್ಲೋ ಈ ಮಾಸ್ತರ’ ಎಂದು ಸಿಟ್ಟು ಮಾಡಿದರು. ಕೊನೆಯಲ್ಲಿ ಮಾಸ್ತರನೂ ಗುಡಿಯ ಪೂಜಾರಿಯೂ ಸೇರಿ ಊರನ್ನು ಎಬ್ಬಿಸುತ್ತಾರೆ, ಎದ್ದ ಊರು ಯಾರ ಮಾತನ್ನೂ ಕೇಳದೆ ಎಲ್ಲರನ್ನೂ, ಅವನ ಹೆಂಡತಿಯನ್ನೂ ಸೇರಿಸಿ, ಕೊಂದುಹಾಕುತ್ತದೆ. ಬಸ್ಸಿನಲ್ಲಿ ಮರಳುವಾಗ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಊರು ಸಮೀಪಿಸಿದಾಗ, ‘ನಾನಾದರೂ ಅಷ್ಟೇ ಮಾಡ್ತಿದ್ದೆ. ಅದಕ್ಕ ಸಿಟ್ಟು ಬಂತು’ ಎಂದರು. ಕಾರ್ನಾಡರ ನಟನೆಯ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು. ಪತ್ರಿಕೆಗಳಲ್ಲಿ ಇಂಥದೊಂದು ಸಾಲು ನನಗೆ ಸಿಕ್ಕಿಲ್ಲ.

‘ಮಂಥನ್’ ಕುರಿತು ಹೇಳುವಾಗ ಎಲ್ಲರೂ ಅದರ ಬಂಡವಾಳದ ಕತೆಯನ್ನೇ ಹೇಳುತ್ತಾರೆ. ಗುಜರಾತಿನ ಹಾಲು ಸಹಕಾರ ಸಂಘಗಳ 5 ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ಮಾಡಿಸಿದ ಚಿತ್ರ ಅದು. ಕತೆ ನಿಜ, ಸೊಗಸಾಗಿಯೂ ಇದೆ. ಆದರೆ ಆ ರೈತರು ತಮ್ಮ ದುಡ್ಡಿನಿಂದ ಎಂಥ ನಾಯಕನನ್ನು ಪಡೆದರು ಎಂಬುದನ್ನು ಯಾರೂ ಹೇಳುವುದಿಲ್ಲ. ಕಾರ್ನಾಡರು ಮಾಡಿದ ಡಾ. ರಾವ್ ರೈಲಿನಲ್ಲಿ ಬರುತ್ತಾನೆ, ಹಾಲಿನ ಗುಣಮಟ್ಟ ಪರೀಕ್ಷಿಸುತ್ತಾನೆ, ಸಂಘ ಕಟ್ಟಲು ಹೆಣಗುತ್ತಾನೆ. ಖಾಸಗಿ ಡೈರಿಯ ಮಿಶ್ರಾ, ಊರಿನ ಸರಪಂಚ, ಜಾತಿಯ ಗೋಡೆ ಎಲ್ಲವೂ ಅವನನ್ನು ತಡೆಯುತ್ತವೆ. ಹಳ್ಳಿಯ ಹೆಂಗಸು ಬಿಂದುವಿನ ಕಣ್ಣಿನಲ್ಲಿ ತನ್ನ ಬಗ್ಗೆ ಮೂಡಿದ್ದು ಏನೆಂದು ತಿಳಿದೂ ತಿಳಿಯದವನಂತೆ ಇರುತ್ತಾನೆ, ಕೊನೆಗೆ ಕೆಲಸ ಅರ್ಧಕ್ಕೇ ಉಳಿದಿರುವಾಗ ರೈಲು ಹತ್ತಿ ಹೋಗುತ್ತಾನೆ. ನಾಸಿರುದ್ದೀನ್ ಶಾ ಮಾಡಿದ ಹಳ್ಳಿಯ ಯುವಕ ಭೋಲಾ ನಿಲ್ದಾಣದ ತನಕ ಓಡಿ ಬರುತ್ತಾನೆ. ಸಂಘ ಮುಂದುವರಿಯುವುದು ಭೋಲಾನಿಂದ, ರಾವ್‌ನಿಂದಲ್ಲ. ಹಾಲಿನ ಜಾಹೀರಾತಿನಂತೆ ಮುಗಿಯಬಹುದಾಗಿದ್ದ ಚಿತ್ರ ಹಾಗೆ ಮುಗಿಯದಿರುವುದಕ್ಕೆ ಅರ್ಧ ಕಾರಣ ತೆಂಡೂಲ್ಕರ್, ಇನ್ನರ್ಧ ಆ ಹಿಂಜರಿಯುವ ಮುಖ. 2024ರಲ್ಲಿ ಚಿತ್ರವನ್ನು ಹೊಸದಾಗಿ ಸಂಸ್ಕರಿಸಿ ಕಾನ್ ಉತ್ಸವದಲ್ಲಿಯೂ ನಮ್ಮ ಚಿತ್ರಮಂದಿರಗಳಲ್ಲಿಯೂ ತೋರಿಸಿದರು. ಹಳೆಯ ಪ್ರತಿಯಲ್ಲಿ ಮಸುಕಾಗಿದ್ದ ಆ ಮುಖದ ಬೆವರು ಈಗ ಕಾಣಿಸುತ್ತದೆ.

ಎಂಬತ್ತರ ದಶಕದ ವ್ಯಾಪಾರಿ ಚಿತ್ರಗಳನ್ನು ಇಲ್ಲಿ ಎಣಿಸಲು ಹೋಗುವುದಿಲ್ಲ. ಅವುಗಳಲ್ಲಿ ಹಲವು ನಿಜಕ್ಕೂ ಹೊಟ್ಟೆಪಾಡು. ಆದರೆ ಎರಡು ಗುರುಗಳ ಪಾತ್ರಗಳನ್ನು ಬಿಡಲಾಗದು. ಒಂದು ಜಂಧ್ಯಾಲರ ‘ಆನಂದಭೈರವಿ’ಯ ಕೂಚಿಪುಡಿ ಗುರು, 1983ರದು. ಇನ್ನೊಂದು ‘ಶಂಕರಾಭರಣಂ’ ಚಿತ್ರವನ್ನು ಕೆ. ವಿಶ್ವನಾಥ್ 1985ರಲ್ಲಿ ಹಿಂದಿಗೆ ತಂದ ‘ಸುರ್ ಸಂಗಮ್’, ಅದರಲ್ಲಿ ಶಾಸ್ತ್ರೀಯ ಗಾಯಕ. ಹಾಡಿದವರು ಬನಾರಸಿನ ರಾಜನ್ ಮಿಶ್ರ, ತುಟಿ ಆಡಿಸಿದವರು ಕಾರ್ನಾಡರು. ಧಾರವಾಡದಲ್ಲಿ ಗಾಯಕನ ಪಾತ್ರ ಮಾಡಿ ಪಾರಾಗುವುದು ಸುಲಭವಲ್ಲ. ಮಲ್ಲಿಕಾರ್ಜುನ ಮನ್ಸೂರರ ಎದುರು ಕೂತು ಕೇಳಿದ ಜನ ತೆರೆಯ ಮೇಲೆ ನಟನ ಮುಖ ನೋಡುವುದಿಲ್ಲ, ಗಂಟಲು ನೋಡುತ್ತಾರೆ. ನಮ್ಮ ಓಣಿಯ ತಬಲಜಿಯೊಬ್ಬರು, ‘ತಾನ ತಗೊಳ್ಳುವಾಗ ಗಂಟಲಿನ ನರ ಉಬ್ಬೂದಿಲ್ಲ ನೋಡ್ರಿ’ ಎಂದು ಅರ್ಧ ಚಿತ್ರಕ್ಕೇ ತೀರ್ಪು ಕೊಟ್ಟಿದ್ದರು. ಮತ್ತೆ ನೋಡಿದಾಗ ನನಗೂ ಅವರ ಮಾತು ಸರಿಯೆನಿಸಿತು. ಹಾಡುವ ಭಾಗಗಳಲ್ಲಿ ಕಾರ್ನಾಡರು ಸಾಧಾರಣ. ಶಿಷ್ಯನ ಹಾಡನ್ನು ಕೇಳುವ ಭಾಗಗಳಲ್ಲಿ ಮಾತ್ರ ಅವರು ಗಾಯಕರೇ ಹೌದು.

ದೂರದರ್ಶನಕ್ಕೆ ಬರೋಣ. ಶಂಕರನಾಗ್ ನಿರ್ದೇಶಿಸಿದ, ಆಗುಂಬೆಯಲ್ಲಿ ಚಿತ್ರೀಕರಣವಾದ ‘ಮಾಲ್ಗುಡಿ ಡೇಸ್’ 1986ರಲ್ಲಿ ಶುರುವಾದಾಗ ನಮ್ಮ ಓಣಿಯಲ್ಲಿ ಎರಡೋ ಮೂರೋ ಟೀವಿಗಳಿದ್ದವು. ಆರ್. ಕೆ. ಲಕ್ಷ್ಮಣರ ಗೆರೆಚಿತ್ರಗಳು, ಎಲ್. ವೈದ್ಯನಾಥನ್ ಅವರ ಆ ರಾಗ, ಮಾಸ್ಟರ್ ಮಂಜುನಾಥನ ಓಟ, ಇವು ಯಾರಿಗೂ ಮರೆತಿಲ್ಲ. ಸ್ವಾಮಿಯ ತಂದೆಯನ್ನು ನೋಡಿ ಮಕ್ಕಳು ಹೆದರುತ್ತಿದ್ದರು, ದೊಡ್ಡವರು ನಗುತ್ತಿದ್ದರು. ಹಳ್ಳಿಯ ಹುಡುಗನೊಬ್ಬ ಹುಲಿಯೊಡನೆ ಹೋರಾಡಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಧೈರ್ಯವೊಂದಿದ್ದರೆ ಸಾಕೆಂದು ವಾದಿಸಿ, ಮಗನಿಗೆ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಲು ಹೇಳುವ ಆ ಅಪ್ಪನನ್ನು ನೆನೆಯಿರಿ. ಅವನೂ ಓದಿದವನೇ. ಧೈರ್ಯದ ಬಗ್ಗೆ ಅವನಿಗೆ ತಿಳಿದಿರುವುದು ಪತ್ರಿಕೆಯಿಂದ, ಕತ್ತಲೆಯಲ್ಲಿ ಮಲಗಬೇಕಾದವನು ಮಗ. ಪ್ರಾಣೇಶಾಚಾರ್ಯರ ಗರಿಗಳ ಜಾಗದಲ್ಲಿ ಇಲ್ಲಿ ದಿನಪತ್ರಿಕೆ ಬಂದಿದೆ, ದುರಂತದ ಜಾಗದಲ್ಲಿ ನಗು ಬಂದಿದೆ. ತನ್ನ ಗಾಂಭೀರ್ಯವನ್ನೇ ಹೀಗೆ ಗೇಲಿಗೆ ಒಡ್ಡಿಕೊಳ್ಳುವುದು ಎಲ್ಲ ನಟರಿಗೂ ಸಾಧಿಸುವುದಿಲ್ಲ. ಮುಂದೆ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನದ ವಾರದ ಕಾರ್ಯಕ್ರಮವನ್ನು ಅವರು ನಡೆಸಿಕೊಟ್ಟರು. ಗಣಿತದ ವಿದ್ಯಾರ್ಥಿಗೆ ಅದು ಸಹಜವಾಗಿತ್ತು, ಪಾತ್ರವೇನೂ ಇರಲಿಲ್ಲ. ನನ್ನ ತಂಗಿ ಅದನ್ನು ನೋಡಿಯೇ ವಿಜ್ಞಾನಕ್ಕೆ ಹೋದೆನೆಂದು ಈಗಲೂ ಹೇಳುತ್ತಾಳೆ.

ರಂಗಭೂಮಿಯ ಮಾತು ಉಳಿದಿದೆ. ತಾವು ಬರೆದ ಮಹಾಪಾತ್ರಗಳನ್ನು ಅವರು ಬೇರೆಯವರಿಗೆ ಬಿಟ್ಟುಕೊಟ್ಟರು. ಕನ್ನಡದಲ್ಲಿ ತುಘಲಕ್ ಎಂದರೆ ಸಿ. ಆರ್. ಸಿಂಹ, ದಿಲ್ಲಿಯ ಪುರಾನಾ ಕಿಲ್ಲಾದಲ್ಲಿ ನಿರ್ದೇಶಕ ಅಲ್ಕಾಜಿಯವರು ಮಾಡಿಸಿದಾಗ ಮನೋಹರ್ ಸಿಂಗ್. ಅವರಿಬ್ಬರ ದನಿ, ನಿಲುವು, ಹುಚ್ಚು ಬೇರೆ ಜಾತಿಯದು. ತುಘಲಕ್ ಕೂಡ ಓದಿದವನು, ಆದರೆ ಓದಿದ್ದನ್ನೆಲ್ಲ ಮಾಡಿಯೇ ತೀರುವವನು. ರಾಜಧಾನಿ ಬದಲಿಸುತ್ತಾನೆ, ತಾಮ್ರದ ನಾಣ್ಯ ಹೊರಡಿಸುತ್ತಾನೆ, ಊರೂರೇ ಹಾಳಾಗುತ್ತವೆ. 1990ರ ‘ತಲೆದಂಡ’ದಲ್ಲಿ ಬಸವಣ್ಣನವರು ಹಾರಳಯ್ಯ ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಯ ಸುದ್ದಿ ಕೇಳಿದಾಗ ಅದರ ಪರಿಣಾಮ ಏನಾದೀತೆಂದು ತಿಳಿದೇ ಅಳುಕುತ್ತಾರೆ. ನನ್ನ ತಂದೆ ಕೈಮುಗಿದ ಬಾಳಪ್ಪನವರ ಬಸವಣ್ಣ ಅಳುಕಿದವನಲ್ಲ. ಓದು ಮತ್ತು ಕೃತಿ ಇವುಗಳ ನಡುವಿನ ಈ ಬಿರುಕನ್ನು ಕಾರ್ನಾಡರು ಬರವಣಿಗೆಯಲ್ಲಿ ಎರಡೂ ಕಡೆಯಿಂದ ನೋಡಿದರು, ಮುಖದಲ್ಲಿ ಮಾತ್ರ ಒಂದೇ ಕಡೆಯನ್ನು ಇಟ್ಟುಕೊಂಡರು. ತಮ್ಮ ಆತ್ಮಕತೆಗೆ ಬೇಂದ್ರೆಯವರಿಂದ ಎರವಲು ಪಡೆದು ‘ಆಡಾಡತ ಆಯುಷ್ಯ’ ಎಂದು ಹೆಸರಿಟ್ಟರಲ್ಲ, ಅದನ್ನು ಓದುವಾಗ ನನಗೆ ಅನಿಸಿದ್ದು: ನಮ್ಮ ಕಡೆ ‘ಆಡು’ ಎಂದರೆ ಆಟವೂ ಹೌದು, ಮಾತೂ ಹೌದು. ಆಟದ ನಡುವೆ ಸುಮ್ಮನೆ ನಿಂತವನನ್ನು ಏನೆನ್ನಬೇಕು ಎಂಬುದಕ್ಕೆ ನಮ್ಮಲ್ಲಿ ಶಬ್ದವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಮಾತಿಗೆ ಹೊರತಾದ ಪಾತ್ರವೊಂದನ್ನು ಮುಚ್ಚಿಡಬಾರದು. ಅದು ನಮ್ಮ ಮಣ್ಣಿನದೇ. ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂದದ್ದು 1990ರಲ್ಲಿ. ಶರೀಫರಾಗಿ ನೃತ್ಯಕಲಾವಿದ ಶ್ರೀಧರ್, ಕಳಸದ ಗುರು ಗೋವಿಂದಭಟ್ಟರಾಗಿ ಕಾರ್ನಾಡರು, ಸಂಗೀತ ಸಿ. ಅಶ್ವಥ್ ಅವರದು. ಶಿಶುನಾಳ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನಲ್ಲಿದೆ, ನಮ್ಮ ಕಾಕಾ ಕಲಿಸುತ್ತಿದ್ದ ಹಳ್ಳಿಯಿಂದ ಬಹಳ ದೂರವೇನಲ್ಲ. ಗೋವಿಂದಭಟ್ಟರದು ಸಂಪ್ರದಾಯವನ್ನು ಪೂರ್ತಿ ಓದಿಕೊಂಡು ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುವ ವ್ಯಕ್ತಿತ್ವ. ಮುಸಲ್ಮಾನ ಹುಡುಗನನ್ನು ಶಿಷ್ಯನೆಂದು ಒಪ್ಪಿಕೊಂಡವರು, ಊರವರು ಕೂಗೆಬ್ಬಿಸಿದಾಗ ಜನಿವಾರವನ್ನೇ ಅವನ ಕೊರಳಿಗೆ ಹಾಕಿದವರು. ‘ಹಾಕಿದ ಜನಿವಾರವ ಸದ್ಗುರುನಾಥ’ ಎಂದು ಶರೀಫರು ಹಾಡಿದ್ದು ಇದನ್ನೇ. ಪ್ರಾಣೇಶಾಚಾರ್ಯರು ಗರಿಗಳಲ್ಲಿ ಹುಡುಕಿ ಸೋತದ್ದನ್ನು ಈ ಭಟ್ಟರು ಗರಿ ಮುಟ್ಟದೆ ಮಾಡಿ ಮುಗಿಸುತ್ತಾರೆ. ಇಪ್ಪತ್ತು ವರ್ಷಗಳ ಅಂತರದಲ್ಲಿ ಅದೇ ನಟ, ಅದೇ ಬ್ರಾಹ್ಮಣ ವೇಷ. ಆದರೆ ಇಲ್ಲಿ ಅವರು ನಡೆಯುವ ರೀತಿಯೇ ಬೇರೆ, ಹೆಗಲು ಸಡಿಲವಾಗಿದೆ, ನಗು ಕಣ್ಣಿನಿಂದ ಶುರುವಾಗುತ್ತದೆ, ಎದುರಿನವನ ಮಾತು ಮುಗಿಯುವ ಮುನ್ನವೇ ಉತ್ತರ ಸಿದ್ಧವಿದೆ. ಆ ಹೊತ್ತಿಗೆ ನಿವೃತ್ತಿಯ ಅಂಚಿನಲ್ಲಿದ್ದ ಕಾಕಾ ನನ್ನ ತೊಡೆ ಗುದ್ದಿ, ‘ಹಾಂ, ಈಗ ಮಾಡಿದ ನೋಡು ಮಾಸ್ತರ’ ಎಂದರು. ಹದಿನೈದು ವರ್ಷಗಳ ಹಿಂದಿನ ಚಿತ್ರ ಅವರ ಲೆಕ್ಕದಲ್ಲಿ ಇನ್ನೂ ಮುಗಿದಿರಲಿಲ್ಲ.

ಆಮೇಲಿನದು ಬಹುಮಟ್ಟಿಗೆ ಅಧಿಕಾರದ ಕುರ್ಚಿಯ ಪಾತ್ರಗಳು. ಶಂಕರ್ ನಿರ್ದೇಶನದ ತಮಿಳಿನ ‘ಕಾದಲನ್’ ಚಿತ್ರದಲ್ಲಿ ಖಳನಾದ ರಾಜ್ಯಪಾಲ, 1994ರಲ್ಲಿ. ಅಲ್ಲಿ ಅವರು ಹುಬ್ಬಿನಿಂದಲೇ ಕೆಲಸ ಮುಗಿಸಿದ್ದಾರೆ, ನನಗೆ ಹಿಡಿಸಲಿಲ್ಲ. ‘ಎ. ಕೆ. 47’ ಚಿತ್ರದ ತಂದೆಯಾಗಿ ಕನ್ನಡದ ಹುಡುಗರಿಗೆ ಪರಿಚಿತರಾದರು. ಅದೇ 1999ರ ‘ಕಾನೂರು ಹೆಗ್ಗಡಿತಿ’ಯನ್ನು ತಾವೇ ನಿರ್ದೇಶಿಸಿ, ಚಂದ್ರೇಗೌಡನ ಪಾತ್ರದಲ್ಲಿ ಓದಿದವನ ಮುಖವನ್ನು ಪೂರ್ತಿ ಕಳಚಿಟ್ಟರು. ಒರಟುತನ ಅವರಿಗೆ ಅಷ್ಟು ಸುಲಭವಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ನಾಗೇಶ್ ಕುಕುನೂರರ ‘ಇಕ್ಬಾಲ್’ ಚಿತ್ರದ ಕ್ರಿಕೆಟ್ ಗುರು, 2005ರದು, ನನ್ನ ಪಾಲಿಗೆ ಅವರ ಕೊನೆಯ ದೊಡ್ಡ ಪಾತ್ರ. ಬಡ ಹುಡುಗನ ಪ್ರತಿಭೆಯನ್ನು ಮೊದಲು ಗುರುತಿಸುವವನು ಅವನೇ, ಸಿರಿವಂತನ ಮಗನಿಗಾಗಿ ಅದನ್ನು ತುಳಿಯುವವನೂ ಅವನೇ. ಸರಿ ಯಾವುದೆಂದು ಬಲ್ಲವನು ದುಡ್ಡಿನ ಮುಂದೆ ಕೂತಾಗ ಮುಖ ಹೇಗಿರುತ್ತದೆಂದು ಅಲ್ಲಿ ಕಾಣಬಹುದು. ಟೈಗರ್ ಸರಣಿಯ ಗೂಢಚಾರ ಮುಖ್ಯಸ್ಥ ಶೆಣೈಗೆ 2012ರಲ್ಲಿಯೂ 2017ರಲ್ಲಿಯೂ ಮೇಜಿನ ಹಿಂದೆ ಕೂತು ಕೇಳಿಸಿಕೊಳ್ಳುವುದರ ಹೊರತು ಬಹಳ ಕೆಲಸವಿಲ್ಲ. ಕೇಳಿಸಿಕೊಳ್ಳಲು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? 2019ರ ಜೂನ್ 10, ಸೋಮವಾರ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಸರಕಾರಿ ಗೌರವವಾಗಲಿ ಧಾರ್ಮಿಕ ವಿಧಿಯಾಗಲಿ ನಡೆಯಲಿಲ್ಲ. ಸಂಸ್ಕಾರದ ಪ್ರಶ್ನೆಯನ್ನೇ ಹೊತ್ತು ತೆರೆಗೆ ಬಂದವರು ತಮ್ಮ ಪಾಲಿನ ಉತ್ತರವನ್ನು ಮೊದಲೇ ಹೇಳಿಟ್ಟಿದ್ದರು.

ಚಹಾದಂಗಡಿಯ ಹುಡುಗನಿಗೆ ನಾನು ‘ಮಂಥನ್’ ನೋಡಲು ಹೇಳಿದ್ದೆ. ಅವನ ಮನೆಯವರು ಕಲಘಟಗಿ ಕಡೆಯ ಹಳ್ಳಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು, ಆದ್ದರಿಂದ ಹಿಡಿಸಬಹುದೆಂದು. ಮೊನ್ನೆ ಹೋದಾಗ ಮೊಬೈಲಿನಲ್ಲಿ ಪೂರ್ತಿ ನೋಡಿದೆನೆಂದ. ಹಾಲಿನ ಫ್ಯಾಟ್ ಅಳೆಯುವುದನ್ನು ತೋರಿಸಿದ್ದು ಅವನಿಗೆ ಬಹಳ ಸೇರಿತ್ತು. ಆದರೆ ಲೋಟ ಒರೆಸುತ್ತ, ‘ಆ ಡಾಕ್ಟರ್ ಹಂಗ ರೈಲು ಹತ್ತಿ ಹೋಗಬಾರದಿತ್ತಲ್ರಿ ಸರ್, ಅವನ ಮ್ಯಾಲ ಭಾಳ ಸಿಟ್ಟು ಬಂತು’ ಎಂದ. ನನಗೆ ಕಾಕಾ ನೆನಪಾದರು. ದುಡ್ಡು ಕೊಟ್ಟು ಹೊರಡುವಾಗ ಅವನ ಮೊಬೈಲು ಇಸಿದುಕೊಂಡು, ಶರೀಫರ ಚಿತ್ರದ ಹೆಸರನ್ನು ನಾನೇ ಅದರಲ್ಲಿ ಬರೆದುಕೊಟ್ಟು ಬಂದೆ.